ಗುಮ್ಮಟದ ಕನಸು, ಡೇರೆಯ ನನಸು

ಲಿವರ್‌ಪೂಲ್ ರೈಲು ನಿಲ್ದಾಣದಿಂದ ಹೊರಬಿದ್ದು ಮೌಂಟ್ ಪ್ಲೆಸೆಂಟ್ ಎಂಬ ಏರುರಸ್ತೆ ಹಿಡಿದರೆ ಹತ್ತು ಹದಿನೈದು ನಿಮಿಷದಲ್ಲಿ ಅದು ಎದುರಾಗುತ್ತದೆ. ನನ್ನ ಜೊತೆಗಿದ್ದವನು ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿರುವ ತಂಗಿಯ ಮಗ. ಜಿನುಗು ಮಳೆಯಲ್ಲಿ ತಲೆಯೆತ್ತಿ ನೋಡಿ, ‘ಮಾಮೂ, ಇದು ಚರ್ಚಾ? ನಮ್ಮೂರ ನೀರಿನ ಟ್ಯಾಂಕಿಗೆ ಲಂಗ ತೊಡಿಸಿದ ಹಾಗಿದೆಯಲ್ಲ!’ ಎಂದ. ನಾನು ನಕ್ಕೆ. ಆದರೆ ಆ ಊರಿನವರು ಅವನಿಗಿಂತ ಮೊದಲೇ ಬೇಕಾದಷ್ಟು ನಕ್ಕಿದ್ದಾರೆ. ಅವರು ಇದಕ್ಕಿಟ್ಟ ಅಡ್ಡಹೆಸರು ‘ಪ್ಯಾಡಿಯ ವಿಗ್‌ವಾಮ್’. ಪ್ಯಾಡಿ ಎಂದರೆ ಐರಿಷರನ್ನು ಹಂಗಿಸಿ ಕರೆಯುವ ಹೆಸರು. ವಿಗ್‌ವಾಮ್ ಎಂದರೆ ಅಮೆರಿಕದ ಮೂಲನಿವಾಸಿಗಳ ಡೇರೆ. ಇನ್ನೊಂದು ಹೆಸರು ‘ಮರ್ಸಿ ಫನಲ್’. ಮರ್ಸಿ ನದಿಯ ಅಡಿಯಲ್ಲಿ ಹಾದುಹೋಗುವ ಹೆಸರುವಾಸಿ ಟನಲ್‌ಗೆ ಪ್ರಾಸ ಹೊಂದಿಸಿ, ಇದು ಮಗುಚಿಟ್ಟ ಲಾಳಿಕೆ ಎಂದು ಗೇಲಿ ಮಾಡಿದ್ದು.

ಇದು ಲಿವರ್‌ಪೂಲಿನ ಕ್ಯಾಥೊಲಿಕರ ಮೆಟ್ರೊಪಾಲಿಟನ್ ಕೆಥೆಡ್ರಲ್, ಕ್ರಿಸ್ತರಾಜನ ಹೆಸರಿನ ಪ್ರಧಾನ ಇಗರ್ಜಿ. 1967ರ ಮೇ 14ರಂದು ಪ್ರತಿಷ್ಠೆಯಾಯಿತು. ಕತೆ ಬರೆದುಕೊಂಡಿರುವ ನನಗೂ ಈ ಇಗರ್ಜಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದನ್ನು ಕಟ್ಟಿದ ಕೈಯದು. ಇದರ ವಾಸ್ತುಶಿಲ್ಪಿ ಫ್ರೆಡರಿಕ್ ಗಿಬರ್ಡ್. ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪಕ್ಕದ ದೊಡ್ಡ ಮಸೀದಿಯ, ಆ ಹೊಂಬಣ್ಣದ ಗುಮ್ಮಟದ ಮಸೀದಿಯ, ನಕ್ಷೆ ಬರೆದವರೂ ಇವರೇ. ಒಂದೇ ಮನುಷ್ಯ ಒಂದು ಧರ್ಮದವರಿಗೆ ಹಳೆಯ ಗುರುತುಗಳನ್ನೆಲ್ಲ ಬಿಟ್ಟು ಕಟ್ಟಿಕೊಟ್ಟ. ಹತ್ತು ವರ್ಷದ ನಂತರ ಇನ್ನೊಂದು ಧರ್ಮದವರಿಗೆ ಹಳೆಯ ಗುರುತುಗಳನ್ನೇ ಎತ್ತಿ ಹಿಡಿದು ಕಟ್ಟಿಕೊಟ್ಟ. ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ಈ ಕಟ್ಟಡವನ್ನು ಅರ್ಥಮಾಡಿಕೊಳ್ಳಲು ಹಸಿವಿನಿಂದ ಶುರುಮಾಡಬೇಕು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತುಹೋಗಿ ಭೀಕರ ಬರ ಬಿತ್ತು. 1847 ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಐರಿಷರು ಲಿವರ್‌ಪೂಲ್ ಬಂದರಿಗೆ ಬಂದಿಳಿದರು. ಹಡಗಿನ ಟಿಕೆಟ್ಟಿಗೆ ದುಡ್ಡಿದ್ದವರು ಅಮೆರಿಕದ ದಾರಿ ಹಿಡಿದರು. ಇಲ್ಲದವರು ಊರಿನ ನೆಲಮಾಳಿಗೆಗಳಲ್ಲಿ ತುಂಬಿಕೊಂಡರು. ಟೈಫಸ್ ಜ್ವರ ಹಬ್ಬಿತು. ರೋಗಿಗಳ ಹಾಸಿಗೆ ಪಕ್ಕ ಕೂತು ಅಂತಿಮ ಪ್ರಾರ್ಥನೆ ಹೇಳಿದ ಹತ್ತು ಮಂದಿ ಪಾದ್ರಿಗಳು ಅದೇ ವರ್ಷ ಅದೇ ಜ್ವರಕ್ಕೆ ಬಲಿಯಾದರು. ಕೆಲಸವೂ ನೆಲೆಯೂ ಇಲ್ಲದವರ ಪಾಲಿಗೆ ಉಳಿದಿದ್ದು ಬ್ರೌನ್‌ಲೊ ಹಿಲ್ ಎಂಬ ಗುಡ್ಡದ ಮೇಲಿನ ವರ್ಕ್‌ಹೌಸ್. ಅನ್ನ ಕೊಟ್ಟು, ಮಾನ ಕಿತ್ತುಕೊಂಡು, ಗಂಡ ಹೆಂಡತಿ ಮಕ್ಕಳನ್ನು ಬೇರೆಬೇರೆ ಮಾಡಿ ದುಡಿಸುವ ಬಡವರ ಮನೆ. ಮೂರು ಸಾವಿರಕ್ಕೂ ಮಿಕ್ಕಿ ಜನ ಅಲ್ಲಿ ತುಂಬಿರುತ್ತಿದ್ದರು. ಈ ಗುಡ್ಡದ ಹೆಸರು ನೆನಪಿರಲಿ.

ಹೀಗೆ ಬಂದವರಿಂದಲೇ ಲಿವರ್‌ಪೂಲಿನ ಕ್ಯಾಥೊಲಿಕ್ ಸಮುದಾಯ ಬೆಳೆಯಿತು. ಪ್ರೊಟೆಸ್ಟಂಟರ ಊರಿನಲ್ಲಿ ತಮಗೂ ಒಂದು ಕೆಥೆಡ್ರಲ್ ಬೇಕೆಂದು 1853ರಲ್ಲಿ ಬಿಷಪ್ ಗಾಸ್ ಅವರು ಎಡ್ವರ್ಡ್ ವೆಲ್ಬಿ ಪ್ಯೂಜಿನ್ ಎಂಬ ಶಿಲ್ಪಿಗೆ ಕೆಲಸ ವಹಿಸಿದರು. ಮೂರು ವರ್ಷದಲ್ಲಿ ಒಂದು ಭಾಗವಷ್ಟೇ, ಮಾತೆ ಮರಿಯಳ ಪ್ರಾರ್ಥನಾ ಮಂದಿರ ಮಾತ್ರ, ಎದ್ದಿತು. ಅಷ್ಟಕ್ಕೇ ಕೆಲಸ ನಿಂತಿತು. ಬಡವರ ಮಕ್ಕಳಿಗೆ ಶಾಲೆ ಬೇಕಿತ್ತು, ಅನಾಥರಿಗೆ ನೆಲೆ ಬೇಕಿತ್ತು. ಇದ್ದಬದ್ದ ಹಣ ಅತ್ತ ಹರಿಯಿತು. ಈ ಕೆಥೆಡ್ರಲ್ಲಿನ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ ಇದೇ. ಅಂದು ಅವರು ಏನು ಕಟ್ಟಲಿಲ್ಲವೋ ಅದರಲ್ಲೇ ಅವರ ಧರ್ಮ ಚೆನ್ನಾಗಿ ಕಾಣುತ್ತದೆ.

ಕನಸು ಮಾತ್ರ ಸಾಯಲಿಲ್ಲ. 1930ರಲ್ಲಿ ಆರ್ಚ್‌ಬಿಷಪ್ ರಿಚರ್ಡ್ ಡೌನಿ 1 ಲಕ್ಷ ಪೌಂಡ್ ತೆತ್ತು ಒಂಬತ್ತು ಎಕರೆ ಜಾಗ ಕೊಂಡರು. ಯಾವ ಜಾಗ? ಅದೇ ಬ್ರೌನ್‌ಲೊ ಹಿಲ್. ವರ್ಕ್‌ಹೌಸ್ ಮುಚ್ಚಿ ಎರಡು ವರ್ಷವಾಗಿತ್ತು. ತಾತ ಮುತ್ತಾತಂದಿರು ಗಂಜಿಗಾಗಿ ತಲೆ ತಗ್ಗಿಸಿ ನಿಂತಿದ್ದ ನೆಲದ ಮೇಲೆಯೇ ಮೊಮ್ಮಕ್ಕಳು ತಲೆಯೆತ್ತಿ ನಿಲ್ಲುವ ಕಟ್ಟಡ ಕಟ್ಟುವುದು! ಆ ಛಲ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಸಿಕ್ಕಿದ್ದು ಸರ್ ಎಡ್ವಿನ್ ಲಟ್ಯನ್ಸ್‌ಗೆ. ನಮಗೆ ಗೊತ್ತಿರುವ ಹೆಸರು. ಹೊಸ ದಿಲ್ಲಿಯ ವೈಸರಾಯ್ ಭವನ, ಇಂದಿನ ರಾಷ್ಟ್ರಪತಿ ಭವನ, ಮುಗಿಸಿ ಊರಿಗೆ ಮರಳಿದ್ದ ದೊಡ್ಡಮನುಷ್ಯ. ಸಾಮ್ರಾಜ್ಯದ ದರ್ಪವನ್ನು ಕಲ್ಲಿನಲ್ಲಿ ಹೇಳುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಭಾಷೆಯನ್ನು ಬಡ ಐರಿಷರಿಗೂ ಹೇಳಿಕೊಟ್ಟರು. ಅವರು ಬರೆದ ನಕ್ಷೆಯ ಗುಮ್ಮಟದ ವ್ಯಾಸ 168 ಅಡಿ. ರೋಮಿನ ಸಂತ ಪೀಟರರ ಇಗರ್ಜಿಯ ಗುಮ್ಮಟ ಸುಮಾರು 137 ಅಡಿ. ನಮ್ಮ ವಿಜಾಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಗೋಳಗುಮ್ಮಟದ ಕೆಳಗೆ ನಿಂತು ಪಿಸುಮಾತಿನ ಮಾರ್ದನಿ ಕೇಳಿದವರು, ಅದಕ್ಕಿಂತ 44 ಅಡಿ ಅಗಲದ ಗುಮ್ಮಟವನ್ನು ಐನೂರು ಅಡಿ ಎತ್ತರದಲ್ಲಿ ಊಹಿಸಿಕೊಳ್ಳಲಿ. ಆ ಕಾಲದ ಜಗತ್ತಿನಲ್ಲಿ ಅಷ್ಟು ದೊಡ್ಡ ಗುಮ್ಮಟದ ಇಗರ್ಜಿ ಇನ್ನೊಂದು ಇರುತ್ತಿರಲಿಲ್ಲ.

1933ರಲ್ಲಿ ಅಡಿಗಲ್ಲು ಬಿತ್ತು. ಖರ್ಚಿನ ಅಂದಾಜು 30 ಲಕ್ಷ ಪೌಂಡ್. ಬಂದರಿನ ಕೂಲಿಗಳ ಮನೆಯಿಂದಲೂ ಚಂದಾ ಹರಿದು ಬಂತು. ನೆಲಮಾಳಿಗೆಯ ಕೆಲಸ ಸಾಗುತ್ತಿರುವಾಗಲೇ ಎರಡನೇ ಮಹಾಯುದ್ಧ ಬಂದು 1941ರಲ್ಲಿ ಕೆಲಸ ನಿಂತಿತು. 1944ರ ಹೊಸ ವರ್ಷದ ದಿನ ಲಟ್ಯನ್ಸ್ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಮತ್ತೆ ಲೆಕ್ಕ ಹಾಕಿದರೆ 30 ಲಕ್ಷ ಪೌಂಡಿನ ಕಟ್ಟಡ 2 ಕೋಟಿ 70 ಲಕ್ಷ ಪೌಂಡಿಗೆ ಏರಿತ್ತು. 1958ರ ಹೊತ್ತಿಗೆ ನೆಲಮಾಳಿಗೆಯನ್ನಷ್ಟೇ ಪೂರ್ತಿಮಾಡಿ ಕೈಬಿಟ್ಟರು.

ಆ ನೆಲಮಾಳಿಗೆ ಇಂದಿಗೂ ಇದೆ. ನಾವು ಮೊದಲು ಇಳಿದದ್ದು ಅಲ್ಲಿಗೇ. ಇಟ್ಟಿಗೆಯ ದಪ್ಪ ಕಮಾನುಗಳು, ಗ್ರಾನೈಟಿನ ಗಟ್ಟಿ ಕಂಬಗಳು. ಆರ್ಚ್‌ಬಿಷಪ್ಪರ ಸಮಾಧಿಗಳಿರುವ ಕೋಣೆಗೆ ಕಲ್ಲಿನ ಚಕ್ರವೇ ಬಾಗಿಲು, ಯೇಸುವಿನ ಗೋರಿಯ ಬಾಯಿಗಿದ್ದ ಕಲ್ಲಿನಂತೆ ಉರುಳಿ ತೆರೆಯುವಂಥದು. ಎಂಥ ಕೆಲಸಗಾರ ಈ ಲಟ್ಯನ್ಸ್ ಎಂದು ಒಪ್ಪಲೇಬೇಕು. ಆದರೆ ಅಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಬೇರೆ. ತಲೆಯ ಮೇಲೆ ಬರಬೇಕಿದ್ದ ಆ ಗುಮ್ಮಟ ಯಾರಿಗೆ ಕಾಣಲೆಂದು? ಇದೇ ಊರಿನಲ್ಲಿ, ಇದೇ ಗುಡ್ಡಸಾಲಿನ ಇನ್ನೊಂದು ತುದಿಯಲ್ಲಿ, ಆಂಗ್ಲಿಕನ್ನರು 1904ರಿಂದ ಕೆಂಪು ಮರಳುಗಲ್ಲಿನ ಭಾರೀ ಕೆಥೆಡ್ರಲ್ ಕಟ್ಟುತ್ತಿದ್ದರು. ಅವರ ಗೋಪುರಕ್ಕೆ ಇವರ ಗುಮ್ಮಟ ಜವಾಬು. 1909ರಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಗುಂಪುಗಳು ಬೀದಿಯಲ್ಲಿ ಹೊಡೆದಾಡಿಕೊಂಡ ಊರು ಇದು. ಬೀದಿಯ ಜಗಳ ಆಕಾಶಕ್ಕೆ ಏರಿದ ಹಾಗಿತ್ತು.

1950ರ ದಶಕದಲ್ಲಿ ಏಡ್ರಿಯನ್ ಗಿಲ್ಬರ್ಟ್ ಸ್ಕಾಟ್ ಎಂಬವರು ಲಟ್ಯನ್ಸ್ ನಕ್ಷೆಯನ್ನು ಕುಗ್ಗಿಸಿ 40 ಲಕ್ಷ ಪೌಂಡಿನಲ್ಲಿ ಕಟ್ಟುವ ಉಪಾಯ ತಂದರು. ದೊಡ್ಡಣ್ಣನ ಶೇರ್ವಾನಿ ಕತ್ತರಿಸಿ ತಮ್ಮನಿಗೆ ಹೊಲಿದಂತೆ. ಅದು ಯಾರಿಗೂ ಹಿಡಿಸಲಿಲ್ಲ. ಆಗ ಬಂದವರು ಆರ್ಚ್‌ಬಿಷಪ್ ಜಾನ್ ಹೀನನ್. ಅವರು ಹಳೆಯ ಕನಸಿನ ಕಡತ ಮುಚ್ಚಿ, 1959ರಲ್ಲಿ ಎಲ್ಲರಿಗೂ ತೆರೆದ ಸ್ಪರ್ಧೆ ಸಾರಿದರು. ಷರತ್ತುಗಳು ಸರಳ. ಖರ್ಚು ಕೈಗೆಟುಕುವಂತಿರಬೇಕು, ಐದು ವರ್ಷದೊಳಗೆ ಮುಗಿಯಬೇಕು. ಲಟ್ಯನ್ಸ್ ನೆಲಮಾಳಿಗೆಯನ್ನು ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಒಳಗೆ ಸೇರಿದ ಅಷ್ಟೂ ಸಾವಿರ ಜನರಿಗೂ ಬಲಿಪೀಠ ಕಾಣಬೇಕು, ಪೂಜೆಯಲ್ಲಿ ತಾವೂ ಭಾಗಿಗಳು ಅನ್ನಿಸಬೇಕು.

ಈ ಕೊನೆಯ ಷರತ್ತಿನ ತೂಕ ತಿಳಿಯಬೇಕಾದರೆ ಹಳೆಯ ಇಗರ್ಜಿಗಳ ರೀತಿ ನೆನೆಯಬೇಕು. ಉದ್ದನೆಯ ಹಜಾರ, ಆ ತುದಿಯಲ್ಲಿ ಬಲಿಪೀಠ, ಜನರಿಗೆ ಬೆನ್ನುಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಹೇಳುವ ಗುರು. ಹಿಂದಿನ ಬೆಂಚಿನ ಕೂಲಿಯವನಿಗೆ ಕಂಬದ ಮರೆಯಲ್ಲಿ ಘಂಟೆಯ ಸದ್ದು ಕೇಳಿದರೆ ಅದೇ ಭಾಗ್ಯ. ಈ ರೀತಿಯನ್ನು ಬದಲಿಸಿದ ಎರಡನೇ ವ್ಯಾಟಿಕನ್ ಮಹಾಸಭೆ ಸೇರಿದ್ದು 1962ರಲ್ಲಿ. ಪೂಜಾವಿಧಿಯ ಬಗ್ಗೆ ಅದರ ನಿರ್ಣಯ ಬಂದದ್ದು 1963ರ ಡಿಸೆಂಬರಿನಲ್ಲಿ. ಅಷ್ಟರಲ್ಲಾಗಲೇ ಲಿವರ್‌ಪೂಲಿನಲ್ಲಿ ಕಾಂಕ್ರೀಟು ಏಳುತ್ತಿತ್ತು. ರೋಮಿನ ಅಪ್ಪಣೆ ಬರುವ ಮೊದಲೇ ಒಂದು ಕಟ್ಟಡ ಆ ದಾರಿಯಲ್ಲಿ ಹೆಜ್ಜೆಯಿಟ್ಟಿತ್ತು.

ಸುಮಾರು ಮುನ್ನೂರು ನಕ್ಷೆಗಳು ಬಂದವು. ಗೆದ್ದವರು ಗಿಬರ್ಡ್. ಅವರು ಕ್ಯಾಥೊಲಿಕರಲ್ಲ. ಹಾರ್ಲೊ ಎಂಬ ಹೊಸ ಪಟ್ಟಣವನ್ನೂ ಹೀಥ್ರೂ ವಿಮಾನ ನಿಲ್ದಾಣದ ಮೊದಲ ಕಟ್ಟಡಗಳನ್ನೂ ರೂಪಿಸಿದವರು. ಜನ ಹೇಗೆ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ಬಾಗಿಲಿನಿಂದ ಹೋಗುತ್ತಾರೆ ಎಂದು ಯೋಚಿಸುವುದೇ ಅವರ ಕಸುಬು. ಆ ಕಸುಬನ್ನೇ ಇಲ್ಲಿಯೂ ಮಾಡಿದರು. ಬಲಿಪೀಠವನ್ನು ನಟ್ಟನಡುವೆ ಇಟ್ಟರು. ಅದರ ಸುತ್ತ ಜನರನ್ನು ಕೂರಿಸಿದರು. ಜನರ ಸುತ್ತ ಗೋಡೆ ಎಬ್ಬಿಸಿದರು. ಸುಮಾರು 195 ಅಡಿ ವ್ಯಾಸದ ವೃತ್ತವಾಯಿತು. ಬಾಗಿದ ಮೊಣಕೈಯಂಥ ಹದಿನಾರು ಕಾಂಕ್ರೀಟ್ ಕಾಲುಗಳು ಸುತ್ತಲಿಂದ ಏರಿ ಬಂದು ಮೇಲೆ ಒಂದು ಬಳೆಗೆ ಕೂಡಿಕೊಳ್ಳುತ್ತವೆ. ಆ ಬಳೆಯ ಮೇಲೆ ಬಣ್ಣದ ಗಾಜಿನ ಕಂದೀಲಿನಂಥ ಗೋಪುರ. ಅದರ ತೂಕವೇ ಸುಮಾರು 2,000 ಟನ್. ಎಲ್ಲಕ್ಕಿಂತ ಮೇಲೆ ಮುಳ್ಳಿನ ಕಿರೀಟದಂತೆ ಚುಚ್ಚಿಕೊಂಡ ಶಿಖರಗಳು. ಹೊರಗಿನ ಕಾಲುಗಳೇ ಭಾರ ಹೊರುವುದರಿಂದ ಒಳಗೆ ಒಂದು ಕಂಬವೂ ಇಲ್ಲ. ಯಾರಿಗೂ ಯಾರೂ ಮರೆಯಿಲ್ಲ.

ಹೊರಗಿನ ಬೂದು ಮಳೆಯಿಂದ ಒಳಗೆ ಕಾಲಿಟ್ಟಾಗ ನಮ್ಮ ಹುಡುಗ ಸುಮ್ಮನಾದ. ನೀಲಿ ಬೆಳಕು. ಗೋಡೆಯ ಸುತ್ತಲಿನ ಸಣ್ಣ ಸಣ್ಣ ಪ್ರಾರ್ಥನಾ ಕೋಣೆಗಳ ನಡುವಿನ ಸಂದುಗಳಲ್ಲೆಲ್ಲ ನೀಲಿ ಗಾಜಿನ ಪಟ್ಟಿಗಳು. ಮೇಲಿನ ಕಂದೀಲಿನ ಗಾಜು ಜಾನ್ ಪೈಪರ್ ಮತ್ತು ಪ್ಯಾಟ್ರಿಕ್ ರೇಂಟೀನ್ಸ್ ಮಾಡಿದ್ದು. ಹಳದಿ, ನೀಲಿ, ಕೆಂಪು, ಈ ಮೂರು ಬಣ್ಣಗಳು ಒಂದರೊಳಗೊಂದು ಕರಗುತ್ತವೆ. ಅವರ ನಂಬಿಕೆಯ ತ್ರಿತ್ವಕ್ಕೆ ಅದು ಸಂಕೇತವಂತೆ. ಆ ನಂಬಿಕೆ ನನ್ನದಲ್ಲ. ಆ ಬೆಳಕು ಮಾತ್ರ ಯಾರ ಮೈಮೇಲೂ ಬೀಳುತ್ತದೆ. ನಡುವೆ 19 ಟನ್ ತೂಕದ ಬಿಳಿ ಅಮೃತಶಿಲೆಯ ಬಲಿಪೀಠ, ಮ್ಯಾಸಿಡೋನಿಯಾದ ಸ್ಕೋಪ್ಯೆಯಿಂದ ತರಿಸಿದ ಒಂದೇ ಬಂಡೆ. ಅದರ ಮೇಲೆ ಎಲಿಜಬೆತ್ ಫ್ರಿಂಕ್ ಮಾಡಿದ ಪುಟ್ಟ ಕಂಚಿನ ಕ್ರಿಸ್ತ. ಅಷ್ಟು ದೊಡ್ಡ ಅವಕಾಶದ ನಡುವೆ ಅಷ್ಟು ಸಣ್ಣ ವಿಗ್ರಹ ಇಡಲು ಧೈರ್ಯ ಬೇಕು.

ಹೊಗಳಿದ್ದಾಯಿತು, ಈಗ ದೋಷಗಳನ್ನೂ ಹೇಳಬೇಕು. ಮೊದಲನೆಯದು, ಈ ಡೇರೆ ಸೋರಿತು. ಪ್ರತಿಷ್ಠೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಅಲ್ಯುಮಿನಿಯಂ ಮಾಡಿನಿಂದ ನೀರು ಇಳಿಯತೊಡಗಿತು. ಕಾಂಕ್ರೀಟ್ ಕಾಲುಗಳಿಗೆ ಅಂಟಿಸಿದ್ದ ಸಣ್ಣ ಹೆಂಚಿನ ಚೂರುಗಳು ಕಿತ್ತು ಉದುರತೊಡಗಿದವು. ಹೊಸ ವಸ್ತುಗಳು, ಹೊಸ ವಿಧಾನ, ಕೈಬಿಗಿದ ಬಜೆಟ್ಟು, ಐದೇ ವರ್ಷದ ಅವಸರ, ಎಲ್ಲ ಸೇರಿ ಹೀಗಾಯಿತು. ಕೊನೆಗೆ ಇಗರ್ಜಿಯವರು ಸುಮಾರು 13 ಲಕ್ಷ ಪೌಂಡ್ ಪರಿಹಾರ ಕೇಳಿ ವಾಸ್ತುಶಿಲ್ಪಿಯ ಮೇಲೆಯೇ ದಾವೆ ಹೂಡಿದರು. 1990ರ ದಶಕದಲ್ಲಿ ದೊಡ್ಡ ರಿಪೇರಿ ನಡೆಯಿತು. ಹೆಂಚಿನ ಚೂರುಗಳನ್ನು ತೆಗೆದು ಗಾಜುನಾರಿನ ಪ್ಲಾಸ್ಟಿಕ್ ಹೊದಿಕೆ ಹಾಕಿದರು. ಹತ್ತಿರದಿಂದ ನೋಡಿದರೆ ಆ ಹೊದಿಕೆ ತೇಪೆಯಂತೆಯೇ ಕಾಣುತ್ತದೆ. ಮಳೆಯ ನಾಡಿನಲ್ಲಿ ಮಾಡು ಸೋರುವುದು ಸಣ್ಣ ತಪ್ಪಲ್ಲ. ಮಲೆನಾಡಿನ ಹಂಚು ಹೊದಿಸುವ ಕೆಲಸಗಾರನೂ ಮೊದಲು ನೋಡುವುದು ನೀರು ಎತ್ತ ಹರಿಯುತ್ತದೆ ಎಂದು.

ಎರಡನೆಯ ದೋಷ ವೃತ್ತದ್ದೇ. ವೃತ್ತದಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ನಾಲ್ಕು ಜನರ ಕಣ್ಣು ತಪ್ಪಿಸಿ ಅಳಬೇಕೆನಿಸಿದವನಿಗೆ ಆ ಹಜಾರದಲ್ಲಿ ಮೂಲೆಯೇ ಇಲ್ಲ. ಹಳೆಯ ಇಗರ್ಜಿಯ ಕಂಬಗಳು ಬಲಿಪೀಠವನ್ನು ಮರೆಮಾಡುತ್ತಿದ್ದವು, ನಿಜ; ಕಣ್ಣೀರನ್ನೂ ಮರೆಮಾಡುತ್ತಿದ್ದವು. ಗಿಬರ್ಡ್‌ಗೆ ಇದು ಹೊಳೆದಿದ್ದಿರಬೇಕು. ಸುತ್ತಲಿನ ಕೋಣೆಗಳನ್ನು ಒಂದೊಂದು ಆಕಾರದಲ್ಲಿ, ಮಂದ ಬೆಳಕಿನಲ್ಲಿ ಇಟ್ಟದ್ದು ಅದಕ್ಕೇ ಅನ್ನಿಸುತ್ತದೆ. ಅಂಥ ಒಂದು ಕೋಣೆಯಲ್ಲಿ ಒಬ್ಬ ಮುದುಕಿ ಒದ್ದೆ ಕೊಡೆಯನ್ನು ಕಾಲ ಬಳಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಈಗ ಲಂಡನ್ ಮಸೀದಿಯ ಮಾತು. 1940ರಲ್ಲಿ ಬ್ರಿಟಿಷ್ ಸರ್ಕಾರ ಲಂಡನ್ನಿನ ಮಸೀದಿಯ ಜಾಗಕ್ಕೆಂದು ತೆಗೆದಿರಿಸಿದ್ದೂ 1 ಲಕ್ಷ ಪೌಂಡೇ. 1969ರಲ್ಲಿ ನಡೆದ ಸ್ಪರ್ಧೆಯಲ್ಲಿ ಗಿಬರ್ಡ್ ಗೆದ್ದರು. 1977ರಲ್ಲಿ ಮಸೀದಿ ಸಿದ್ಧವಾಯಿತು. ಅಲ್ಲಿ ಗುಮ್ಮಟವಿದೆ, ಎತ್ತರದ ಮಿನಾರವಿದೆ, ಮೊನಚು ಕಮಾನುಗಳ ಸಾಲಿದೆ. ದೂರದಿಂದಲೇ ಮಸೀದಿಯೆಂದು ಮಗುವೂ ಹೇಳಬಲ್ಲದು. ಲಿವರ್‌ಪೂಲಿನ ವೃತ್ತವನ್ನು ಇಲ್ಲಿ ತರುವಂತಿರಲಿಲ್ಲ, ಅದು ಸರಿಯೇ. ನಮ್ಮಲ್ಲಿ ಬಲಿಪೀಠವಿಲ್ಲ, ಕಿಬ್ಲಾ ಇದೆ. ಸಫ್ಫುಗಳು ನೇರ ನಿಲ್ಲಬೇಕು, ಭುಜಕ್ಕೆ ಭುಜ ತಾಗಬೇಕು. ಚೌಕ ಹಜಾರವೇ ಅದಕ್ಕೆ ಒಪ್ಪುತ್ತದೆ. ಎಲ್ಲರೂ ಸಮ ಎಂಬ ಮಾತನ್ನು ಗಿಬರ್ಡ್ ಅಲ್ಲಿ ವೃತ್ತದಲ್ಲಿ ಹೇಳಿದರು, ನಮ್ಮಲ್ಲಿ ಸರಳರೇಖೆ ಅದನ್ನು ಮೊದಲೇ ಹೇಳಿದೆ.

ಆದರೆ ಗುಮ್ಮಟ ಮಿನಾರಗಳು ಯಾಕೆ? ಅವಿಲ್ಲದೆಯೂ ನಮಾಜು ಆಗುತ್ತದೆ. ನನಗೆ ತೋಚಿದ ಉತ್ತರ ಇಷ್ಟು. 1960ರ ಹೊತ್ತಿಗೆ ಲಿವರ್‌ಪೂಲಿನ ಐರಿಷರು ಆ ಊರಿನವರೇ ಆಗಿದ್ದರು. ‘ನಾವೂ ಇದ್ದೇವೆ’ ಎಂದು ಕೂಗಿ ಹೇಳಬೇಕಾದ ಕಾಲ ಅವರ ಪಾಲಿಗೆ ಮುಗಿದಿತ್ತು. ಹಾಗಾಗಿ ಗುಮ್ಮಟ ಬಿಟ್ಟು ಡೇರೆ ಹಾಕಿಕೊಳ್ಳುವ ಧೈರ್ಯ ಬಂತು. ಲಂಡನ್ನಿನ ಮುಸ್ಲಿಮರಲ್ಲಿ ಬಹುಪಾಲು ಜನ ಆಗಷ್ಟೇ ಪೆಟ್ಟಿಗೆ ಇಳಿಸಿದವರು. ಅವರಿಗೆ ಮೊದಲು ಕಾಣಿಸಿಕೊಳ್ಳಬೇಕಿತ್ತು. ಐರಿಷರು 1933ರಲ್ಲಿ ಇದ್ದ ಜಾಗದಲ್ಲಿ ನಮ್ಮವರು 1969ರಲ್ಲಿ ಇದ್ದರು. ಇದನ್ನು ತಪ್ಪೆಂದು ನಾನು ಹೇಳಲಾರೆ. ಕಲೆಯ ದೃಷ್ಟಿಯಿಂದ ಕೇಳಿದರೆ ಲಿವರ್‌ಪೂಲಿನ ಕಟ್ಟಡ ಒಂದು ಪ್ರಶ್ನೆಗೆ ಹುಡುಕಿದ ಉತ್ತರ, ಲಂಡನ್ನಿನದು ಮೊದಲೇ ಗೊತ್ತಿದ್ದ ಉತ್ತರದ ಒಳ್ಳೆಯ ನಕಲು ಎನ್ನುವೆ. ಹೆಂಗಸರಿಗೆ ಅಲ್ಲಿ ಹಜಾರದ ಮೇಲಿನ ಗ್ಯಾಲರಿಯಲ್ಲಿ ಜಾಗವಿದೆ. ಗುಮ್ಮಟದ ಕೆಳಗೇ ಇದ್ದಾರೆ ಎಂಬುದನ್ನು ಮರೆಯಬಾರದು.

ಲಿವರ್‌ಪೂಲಿನ ಎರಡು ಕೆಥೆಡ್ರಲ್‌ಗಳ ನಡುವಿನ ರಸ್ತೆಯ ಹೆಸರು ಹೋಪ್ ಸ್ಟ್ರೀಟ್. ಹೋಪ್ ಎಂಬ ಒಬ್ಬ ವರ್ತಕನಿಂದ ಬಂದ ಹೆಸರು. ಭರವಸೆಯ ಅರ್ಥ ತಾನಾಗಿ ಸೇರಿಕೊಂಡಿತು. ಆಂಗ್ಲಿಕನ್ ಕೆಥೆಡ್ರಲ್ಲಿನ ಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಕ್ಯಾಥೊಲಿಕ್. ಕ್ಯಾಥೊಲಿಕರದ್ದನ್ನು ಕಟ್ಟಿದವರು ಕ್ಯಾಥೊಲಿಕರಲ್ಲ. 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಈ ಎರಡಕ್ಕೂ ಹೋದರು. ಆ ಕಾಲದ ಆರ್ಚ್‌ಬಿಷಪ್ ವರ್ಲಾಕ್, ಬಿಷಪ್ ಶೆಪರ್ಡ್ ಇಬ್ಬರೂ ಜೊತೆಯಾಗಿ ಕೆಲಸ ಮಾಡಿದವರು; 2008ರಲ್ಲಿ ಅದೇ ರಸ್ತೆಯಲ್ಲಿ ಅವರಿಬ್ಬರಿಗೂ ಸೇರಿ ಒಂದು ಸ್ಮಾರಕ ನಿಂತಿತು. ಬೀದಿಕಾಳಗದ ಊರು ಇಷ್ಟು ದೂರ ಬಂದಿದೆ.

ಕಟ್ಟಡದ ನಿಜವಾದ ಪರೀಕ್ಷೆ ನಡೆದದ್ದು 1989ರ ಏಪ್ರಿಲ್ 16ರಂದು. ಹಿಂದಿನ ದಿನ ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ಫುಟ್ಬಾಲ್ ನೋಡಲು ಹೋದ ಲಿವರ್‌ಪೂಲಿನ ಜನ ಕಾಲ್ತುಳಿತಕ್ಕೆ ಸಿಕ್ಕಿದ್ದರು. ಕೊನೆಗೆ 97 ಜನರ ಪ್ರಾಣ ತೆಗೆದ ದುರಂತ. ಆ ಸಂಜೆ ಊರೇ ಈ ಇಗರ್ಜಿಗೆ ಬಂತು. ಒಳಗೆ ಜಾಗ ಸಾಲದೆ ಸಾವಿರಾರು ಜನ ಹೊರಗೆ ನಿಂತರು. ಹೊರಗೆ ಅಂದರೆ ಎಲ್ಲಿ? ಲಟ್ಯನ್ಸ್ ನೆಲಮಾಳಿಗೆಯ ಮಾಡನ್ನೇ ಗಿಬರ್ಡ್ ವಿಶಾಲವಾದ ಬಯಲು ಅಂಗಳ ಮಾಡಿ ಇಟ್ಟಿದ್ದರು, ಅಲ್ಲಿ. ಲಟ್ಯನ್ಸ್ ಕನಸಿನ ಕೆಥೆಡ್ರಲ್ ಬರಬೇಕಿದ್ದ ಜಾಗದಲ್ಲಿ ಆ ಸಂಜೆ ಜನ ನಿಂತಿದ್ದರು.

ಊರಿಗೆ ಮರಳಿದ ಮೇಲೆ ನಮ್ಮ ಮೊಹಲ್ಲಾದ ಹಂಚಿನ ಮಸೀದಿಯನ್ನು ಕೆಡವಿ ಹೊಸದು ಕಟ್ಟುವ ಸಭೆಗೆ ನನ್ನನ್ನೂ ಕರೆದಿದ್ದರು. ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ನಾಲ್ಕು ಮಿನಾರ, ಒಂದು ದೊಡ್ಡ ಗುಮ್ಮಟ. ಮಿನಾರದ ಎತ್ತರ ಎಷ್ಟಿರಬೇಕೆಂದು ಅರ್ಧ ಗಂಟೆ ಚರ್ಚೆಯಾಯಿತು. ಪಕ್ಕದ ಊರಿನದಕ್ಕಿಂತ ಐದು ಅಡಿ ಹೆಚ್ಚು ಎಂದು ತೀರ್ಮಾನವಾಯಿತು. ನಾನು ಎದ್ದು, ಮಳೆಗಾಲದ ಜುಮಾಕ್ಕೆ ಹಿಂದಿನ ಸಫ್ಫಿನವರು ಅಂಗಳದಲ್ಲಿ ನೆನೆಯುತ್ತಾರೆ, ಅವರಿಗೆ ಎಲ್ಲಿ ಜಾಗ ಎಂದು ಕೇಳಿದೆ. ಹೆಂಗಸರು ಬಂದರೆ ಎಲ್ಲಿ ನಿಲ್ಲಬೇಕು ಎಂದೂ ಕೇಳಿದೆ. ಹಿರಿಯರೊಬ್ಬರು ಸಮಾಧಾನದಿಂದಲೇ, ‘ಅದೆಲ್ಲ ಆಮೇಲೆ ನೋಡೋಣ ಭಾಯಿ, ಮೊದಲು ಹೊರಗಿನದು ಮುಗಿಯಲಿ’ ಎಂದರು.

ಚಂದಾದ ರಸೀದಿ ಪುಸ್ತಕ ನನ್ನ ಕೈಗೂ ಒಂದು ಕೊಟ್ಟಿದ್ದಾರೆ. ಅದರ ಮುಖಪುಟದಲ್ಲಿಯೂ ಗುಮ್ಮಟದ ಚಿತ್ರವೇ ಇದೆ. ಇನ್ನೂ ಒಂದು ಹಾಳೆ ಹರಿದಿಲ್ಲ.